ಅರ್ಜಿ ಬಾರದ ಮನೆ: ಕೊಡಿಯಾಲ್‌ಬೈಲನ್ನು ಮುಂದಿಟ್ಟುಕೊಂಡು ಹಿರಿಯರ ರಕ್ಷಣೆಯ ಮೂರು ಕಾನೂನುಗಳ ಮರುಓದು

2007ರ ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆಯ ಚರ್ಚೆ ನಮ್ಮಲ್ಲಿ ಬಹುಮಟ್ಟಿಗೆ 23ನೇ ಕಲಮಿನಲ್ಲಿ ಶುರುವಾಗಿ ಅಲ್ಲಿಯೇ ಮುಗಿಯುತ್ತದೆ. ಮಗನಿಗೆ ಬರೆದುಕೊಟ್ಟ ದಾನಪತ್ರವನ್ನು ರದ್ದು ಮಾಡಿಸಬಹುದೇ, ಪತ್ರದಲ್ಲಿ ಷರತ್ತು ಬರೆದಿರಬೇಕೇ, ಬೇಡವೇ ಎಂಬುದು ಆ ಚರ್ಚೆ. ಸುಪ್ರೀಂ ಕೋರ್ಟು 2022ರ ಡಿಸೆಂಬರ್‌ನ ಸುದೇಶ್ ಛಿಕಾರ ಪ್ರಕರಣದಲ್ಲಿ ಷರತ್ತು ಇರಲೇಬೇಕು ಎಂದಿತು. 2025ರ ಜನವರಿಯ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕು ಎಂದಿತು. ವಕೀಲರಿಗೆ ಇದು ಒಳ್ಳೆಯ ಮೇವು. ಪ್ರಸ್ತುತ ಲೇಖನಕ್ಕೆ ಬೇಕಾಗಿರುವುದು ಅದಕ್ಕಿಂತ ಹಿಂದಿನ, ಯಾರೂ ಹೆಚ್ಚು ನಿಲ್ಲದ ಒಂದು ಸಾಲು: 5ನೇ ಕಲಂ, ಒಂದನೇ ಉಪಕಲಂ, (ಬಿ) ಖಂಡ.

ಪೋಷಣೆಗಾಗಿ ಅರ್ಜಿ ಯಾರು ಕೊಡಬಹುದು ಎಂದು ಆ ಉಪಕಲಂ ಹೇಳುತ್ತದೆ. ಹಿರಿಯರು ತಾವೇ ಕೊಡಬಹುದು. ಅವರು ಅಸಮರ್ಥರಾಗಿದ್ದರೆ, ಅವರಿಂದ ಅಧಿಕಾರ ಪಡೆದ ಬೇರೆ ವ್ಯಕ್ತಿ ಅಥವಾ ಸಂಸ್ಥೆ ಕೊಡಬಹುದು. ಇಲ್ಲವಾದರೆ ನ್ಯಾಯಮಂಡಳಿಯೇ ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಳ್ಳಬಹುದು. ನಡುವಿನ ಮಾತನ್ನು ಎರಡು ಸಲ ಓದಬೇಕು. ಅಸಮರ್ಥರಾದವರು ಅಧಿಕಾರ ಕೊಡಬೇಕು. ಅಧಿಕಾರ ಕೊಡುವಷ್ಟು ಸಾಮರ್ಥ್ಯ ಉಳಿದಿದ್ದರೆ ಅವರು ಯಾವ ಅರ್ಥದಲ್ಲಿ ಅಸಮರ್ಥರು? ಆ ಸಾಮರ್ಥ್ಯವೂ ಹೋಗಿದ್ದರೆ ಅಧಿಕಾರ ಬರುವುದು ಎಲ್ಲಿಂದ?

ಭಾರತದಲ್ಲಿ ಹಿರಿಯರ ಮೇಲಿನ ದೌರ್ಜನ್ಯವನ್ನು ಮೂರನೆಯವರು ವರದಿ ಮಾಡಬೇಕೆಂಬ ಕಡ್ಡಾಯವಿಲ್ಲ ಎಂಬ ಮಾತು ಸಮಾಜಕಾರ್ಯದ ತರಗತಿಗಳಲ್ಲಿ ಪಾಠದಂತೆ ಸಾಗಿ ಬಂದಿದೆ. 2007ರ ಕಾಯ್ದೆಯ ಮಟ್ಟಿಗೆ ಅದು ಸರಿ. ನನ್ನ ಭಿನ್ನಮತ ಇಷ್ಟೇ: ಒಂದು ವರ್ಗದ ಹಿರಿಯರ ವಿಷಯದಲ್ಲಿ ಆ ಕಡ್ಡಾಯ ಈಗಾಗಲೇ ನಮ್ಮ ಕಾನೂನಿನಲ್ಲಿದೆ. ಅದು ಹಿರಿಯರ ಕಾಯ್ದೆಯಲ್ಲಿ ಇಲ್ಲದ್ದರಿಂದ ಹಿರಿಯರ ಕೆಲಸ ಮಾಡುವವರ ಕಣ್ಣಿಗೆ ಬಿದ್ದಿಲ್ಲ.

ಒಂದು ಮನೆ

ವಾದ ಗಾಳಿಯಲ್ಲಿ ತೇಲಬಾರದೆಂದು ಒಂದು ಮನೆಯನ್ನು ಕಲ್ಪಿಸಿಕೊಳ್ಳುತ್ತೇನೆ. ಇದು ಯಾರ ನಿಜವಾದ ಮನೆಯೂ ಅಲ್ಲ. ಆದರೆ ಮಂಗಳೂರಿನವರಿಗೆ ಅಪರಿಚಿತವೂ ಅನಿಸಲಾರದು.

ಊರು ಕೊಡಿಯಾಲ್‌ಬೈಲ್. ಕೊಡಿಯಾಲ್ ಎಂದರೆ ಕೊಂಕಣಿಗರ ಬಾಯಲ್ಲಿ ಮಂಗಳೂರು. ಬೈಲು ಎಂದರೆ ಬೈಲು, ಮಜಲು, ಬೆಟ್ಟು ಎಂಬ ಮೂರು ದರ್ಜೆಯ ಭೂಮಿಯಲ್ಲಿ ತಗ್ಗಿನದು, ನೀರಿರುವ ಗದ್ದೆ. ಈಗ ಗದ್ದೆಯ ನೆನಪಿಗೂ ಜಾಗವಿಲ್ಲ. ಬಿಷಪರ ನಿವಾಸ, ಜಿಲ್ಲಾ ಕಾರಾಗೃಹ, ಬೆಸೆಂಟ್ ಕಾಲೇಜು, ಆಸ್ಪತ್ರೆ, ಸಭಾಂಗಣ, ಇವುಗಳ ಸಂದಿಯಲ್ಲಿ ಹಂಚಿನ ಮನೆ ಕೆಡವಿ ಎದ್ದ ಫ್ಲ್ಯಾಟ್‌ಗಳು. ಅಂಥ ಒಂದು ಕಟ್ಟಡದ ಎರಡನೆಯ ಮಾಳಿಗೆಯಲ್ಲಿ 82 ವರ್ಷದ ನಿವೃತ್ತ ಶಿಕ್ಷಕಿ. ಗಂಡ ಇಲ್ಲ. ಮಗ ದುಬೈಯಲ್ಲಿ, ಮಗಳು ಮುಂಬೈಯಲ್ಲಿ. ಪಿಂಚಣಿ ಬರುತ್ತದೆ, ಫ್ಲ್ಯಾಟು ಸ್ವಂತದ್ದು. ಏಜೆನ್ಸಿಯ ಮೂಲಕ ಬಂದ ಹೋಂ ನರ್ಸ್ ಒಬ್ಬಳು ಇದ್ದಾಳೆ. ‘ಅಮ್ಮ’ ಎಂದೇ ಕರೆಯುತ್ತಾಳೆ.

ಅಮ್ಮನಿಗೆ ಮೂರು ವರ್ಷದಿಂದ ಮರೆವು. ಈಗ ಮಗಳ ಹೆಸರಿನ ಜಾಗದಲ್ಲಿ ತಂಗಿಯ ಹೆಸರು ಬರುತ್ತದೆ. ನರ್ಸ್ ಅಂಗಡಿಗೆ ಹೋಗುವಾಗ ಗ್ರಿಲ್ಲಿಗೆ ಹೊರಗಿನಿಂದ ಬೀಗ. ಬಿಟ್ಟುಹೋದರೆ ಅಮ್ಮ ರಸ್ತೆಗೆ ಇಳಿದುಬಿಡುತ್ತಾರೆ ಎಂಬ ಅವಳ ಮಾತಿನಲ್ಲಿ ಸುಳ್ಳಿಲ್ಲ. ಅಂಗಡಿಯ ಕೆಲಸ ಒಂದೊಂದು ದಿನ ಸಂಜೆಯವರೆಗೆ ಹಿಡಿಯುತ್ತದೆ. ಎಟಿಎಂ ಕಾರ್ಡು ಅವಳ ಪರ್ಸಿನಲ್ಲಿ. ಭಾನುವಾರ ಹನ್ನೊಂದಕ್ಕೆ ಮಗನ ವಿಡಿಯೊ ಕರೆ; ಹತ್ತೂವರೆಗೆ ಅಮ್ಮನಿಗೆ ಸ್ನಾನ, ಇಸ್ತ್ರಿ ಮಾಡಿದ ಸೀರೆ, ಪೌಡರು. ಫೋನು ಕುತ್ತಿಗೆಯಿಂದ ಮೇಲೆ ಮಾತ್ರ ಹಿಡಿಯುತ್ತದೆ. ಸಡಿಲವಾಗಿ ಮೊಣಕೈವರೆಗೆ ಜಾರುವ ಬಳೆ ಮಗನಿಗೆ ಕಾಣಿಸುವುದಿಲ್ಲ. ಕಂಡವಳು ಮೀನಿನ ಹೆಂಗಸು. ವಾರಕ್ಕೆರಡು ಸಲ ಬಾಗಿಲ ಬಳಿ ಬುಟ್ಟಿ ಇಳಿಸುತ್ತಿದ್ದವಳಿಗೆ, ಒಂದು ದಿನ ಗ್ರಿಲ್ಲಿನ ಸರಳಿನ ನಡುವೆ ಬಂದ ಕೈ ಅವಳ ಕೈಯನ್ನು ಹಿಡಿದು ಬಿಡಲಿಲ್ಲ. ಅವಳು ಕೆಳಗಿನ ಮನೆಯವರಿಗೆ ಹೇಳಿದಳು. ಕೆಳಗಿನ ಮನೆಯವರು ನರ್ಸನ್ನು ಕೇಳಿದರು. ಏನೂ ಇಲ್ಲ, ವಯಸ್ಸಾಯಿತಲ್ಲ ಎಂದಳು.

ಇಲ್ಲಿ ಅರ್ಜಿ ಯಾರದು?

ಒಪ್ಪಿತವಾದದ್ದು

ವ್ಯಾಖ್ಯಾನದ ಮಟ್ಟಿಗೆ ಜಗಳವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2002ರ ಟೊರಾಂಟೊ ಘೋಷಣೆಯಲ್ಲಿ ಒಪ್ಪಿಕೊಂಡ ಅರ್ಥದಲ್ಲಿ, ನಂಬಿಕೆ ಇಡಬೇಕಾದ ಯಾವುದೇ ಸಂಬಂಧದೊಳಗೆ ಹಿರಿಯರಿಗೆ ಹಾನಿಯೋ ಸಂಕಟವೋ ಆಗುವಂತೆ ಮಾಡಿದ್ದೂ ದೌರ್ಜನ್ಯ, ಮಾಡಬೇಕಾದ್ದನ್ನು ಮಾಡದೆ ಬಿಟ್ಟದ್ದೂ ದೌರ್ಜನ್ಯ. ಮೇಲಿನ ಮನೆ ಎರಡಕ್ಕೂ ಹೊಂದುತ್ತದೆ. ಪ್ರಮಾಣದ ಬಗ್ಗೆ, 28 ದೇಶಗಳ 52 ಅಧ್ಯಯನಗಳನ್ನು ಒಟ್ಟುಗೂಡಿಸಿದ ಯೋನ್ ಮತ್ತು ಸಂಗಡಿಗರ 2017ರ ಲೇಖನ ವರ್ಷಕ್ಕೆ ಆರರಲ್ಲಿ ಒಬ್ಬ ಹಿರಿಯರಿಗೆ ಇಂಥ ಅನುಭವವಾಗುತ್ತದೆ ಎನ್ನುತ್ತದೆ. ನಮ್ಮ ದೇಶದ 2017–18ರ ವೃದ್ಧಾಪ್ಯದ ರಾಷ್ಟ್ರೀಯ ಸಮೀಕ್ಷೆ, ಅಂದರೆ ಲಾಸಿ, ಕೊಡುವ ಅಂಕಿ ಶೇಕಡ 5ರ ಸುಮಾರು. ಭಾರತದ ಮಕ್ಕಳು ಮೂರು ಪಟ್ಟು ಒಳ್ಳೆಯವರು ಎಂದು ಇದರಿಂದ ಹೊರಡಿಸಬಹುದಾದರೂ, ನಮ್ಮ ಹಿರಿಯರು ಮನೆಯ ಮಾತನ್ನು ಸಮೀಕ್ಷೆಗೆ ಬಂದ ಹುಡುಗಿಯ ಮುಂದೆ ಆಡುವುದಿಲ್ಲ ಎಂಬುದು ಹೆಚ್ಚು ಸಂಭವನೀಯ. ಮರೆವು ಗಾಢವಾದವರು ಅಂಥ ಪ್ರಶ್ನೆಗೆ ಉತ್ತರಿಸುವ ಸ್ಥಿತಿಯಲ್ಲೇ ಇರುವುದಿಲ್ಲ.

ಕಾರಣದ ಬಗ್ಗೆ ಹಳೆಯ ವಿವರಣೆ ಡೊನಾಲ್ಡ್ ಕೌಗಿಲ್ ಮತ್ತು ಲೊವೆಲ್ ಹೋಮ್ಸ್ 1972ರಲ್ಲಿ ಮುಂದಿಟ್ಟದ್ದು: ಆಧುನಿಕತೆ ಏರಿದಂತೆ ಹಿರಿಯರ ಸ್ಥಾನ ಇಳಿಯುತ್ತದೆ. ನಮ್ಮಲ್ಲಿ ಅದು ‘ಕೂಡು ಕುಟುಂಬ ಒಡೆಯಿತು, ಹಿರಿಯರು ಬೀದಿಗೆ ಬಿದ್ದರು’ ಎಂಬ ಭಾಷಣವಾಗಿ ಉಳಿದಿದೆ. ತುಳುನಾಡಿನಲ್ಲಿ ಈ ಭಾಷಣ ಇನ್ನಷ್ಟು ಎಡವುತ್ತದೆ. ಇಲ್ಲಿನ ಅಳಿಯಕಟ್ಟಿನ, ಅಂದರೆ ತಾಯಿಯ ಕಡೆಯಿಂದ ವಂಶ ಸಾಗುವ, ಕುಟುಂಬಗಳಲ್ಲಿ ತರವಾಡು ಮನೆಯಲ್ಲಿ ಅನ್ನ, ವಾಸ ಪಡೆಯುವುದು ಮಗನ ಪ್ರೀತಿಯ ಮೇಲೆ ನಿಂತಿದ್ದಲ್ಲ. ಅದು ಕುಟುಂಬದ ಸದಸ್ಯತ್ವದಿಂದ ಬಂದ ಹಕ್ಕು. ಯಜಮಾನ ಮನೆತನವನ್ನು ಹಾಳುಮಾಡಿದರೆ ಕಿರಿಯ ಸದಸ್ಯರು ಕೋರ್ಟಿಗೆ ಹೋಗಿ ಅವನನ್ನು ಇಳಿಸಬಹುದಿತ್ತು. ಅಂದರೆ ನೊಂದವರೇ ಬರಬೇಕೆಂದಿರಲಿಲ್ಲ. ಮನೆಯೊಳಗಿನ ಇನ್ನೊಬ್ಬರು ಬಂದರೂ ಸಾಕಿತ್ತು. 1949ರ ಮದರಾಸು ಅಳಿಯಸಂತಾನ ಕಾಯ್ದೆ ಪಾಲಿನ ಹಕ್ಕು ಕೊಟ್ಟಿತು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಉಳಿದದ್ದನ್ನು ಸಡಿಲಿಸಿತು. 2007ರ ಕಾಯ್ದೆಯಲ್ಲಿ ಮಕ್ಕಳು ಎಂದರೆ ಮಗ, ಮಗಳು, ಮೊಮ್ಮಗ, ಮೊಮ್ಮಗಳು. ಸೋದರಳಿಯ ಬರುವುದು ‘ಸಂಬಂಧಿ’ ಎಂಬ ಹಿಂಬಾಗಿಲಿನಿಂದ: ಮಾವನಿಗೆ ಮಕ್ಕಳಿರಬಾರದು, ಅಳಿಯ ವಾರಸುದಾರನಾಗಿರಬೇಕು, ಆಸ್ತಿ ಅವನ ಕೈಯಲ್ಲಿರಬೇಕು ಅಥವಾ ಮುಂದೆ ಬರುವಂತಿರಬೇಕು.

ಈ ಭಾಷಣಕ್ಕೆ ತಕ್ಕ ಉತ್ತರ ಕೊಟ್ಟವರು ಲಾರೆನ್ಸ್ ಕೊಹೆನ್. ಕಾಶಿಯ ಕ್ಷೇತ್ರಕಾರ್ಯವನ್ನು ಆಧರಿಸಿದ ಅವರ ‘ನೋ ಏಜಿಂಗ್ ಇನ್ ಇಂಡಿಯಾ’ (1998), ಮುಪ್ಪಿನ ಮರೆವನ್ನು ನಮ್ಮ ಜನ ಮೆದುಳಿನ ಕಾಯಿಲೆಯಾಗಿ ನೋಡುವುದಕ್ಕಿಂತ ಕೆಟ್ಟ ಸಂಸಾರದ ಗುರುತಾಗಿ ಓದುತ್ತಾರೆಂದು ತೋರಿಸಿತು. ಇದನ್ನು ನಾನು ಬಹುಪಾಲು ಒಪ್ಪುತ್ತೇನೆ. ಅಮ್ಮ ಬೀದಿಗಿಳಿದರೆ ಮಕ್ಕಳು ನೋಡಿಕೊಳ್ಳಲಿಲ್ಲ ಎಂದೇ ಕೇರಿ ಹೇಳುತ್ತದೆ. ಆ ಮಾತಿಗೆ ಹೆದರಿ ಬೀಗ ಬೀಳುತ್ತದೆ. ಆದರೆ ಕನ್ನಡದಲ್ಲಿ ಇನ್ನೊಂದು ಎಳೆಯೂ ಇದೆ. ‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆ ಸಂಸಾರವನ್ನು ದೂರುವುದಿಲ್ಲ, ರೋಗವೆಂದೂ ಹೇಳುವುದಿಲ್ಲ, ವಯಸ್ಸಿನ ಸಹಜ ಫಲವೆಂದು ಬಿಡುತ್ತದೆ. (ಕಾನೂನಿನ ಹಿರಿಯ ನಾಗರಿಕರೂ 60ಕ್ಕೇ ಶುರುವಾಗುತ್ತಾರೆ, ಗಾದೆಯನ್ನು ಕೇಳಿ ಬರೆದದ್ದಲ್ಲ ಎಂದುಕೊಳ್ಳೋಣ.) ಹೋಂ ನರ್ಸ್ ‘ವಯಸ್ಸಾಯಿತಲ್ಲ’ ಎಂದಾಗ ಕೆಳಗಿನ ಮನೆಯವರು ಮೆಟ್ಟಿಲಿಳಿದದ್ದು ಈ ಗಾದೆಯ ಬಲದಿಂದ. ಮುಂದಿನ ಇಡೀ ವಾದ ನಿಲ್ಲುವುದೂ ಇಲ್ಲಿಯೇ: ಗಾದೆ ಸಹಜ ಎಂದದ್ದನ್ನು ಕಾನೂನು ಏನೆನ್ನುತ್ತದೆ?

2007ರ ಕಾಯ್ದೆ ಈ ಮನೆಯನ್ನು ಮುಟ್ಟುತ್ತದೆಯೇ?

ಮೊದಲು 4ನೇ ಕಲಂ. ಸ್ವಂತ ಗಳಿಕೆಯಿಂದ ಅಥವಾ ಆಸ್ತಿಯಿಂದ ತಮ್ಮನ್ನು ಪೋಷಿಸಿಕೊಳ್ಳಲಾಗದವರಿಗೆ ಪೋಷಣೆಯ ಹಕ್ಕು. ಅಮ್ಮನಿಗೆ ಪಿಂಚಣಿಯಿದೆ, ಫ್ಲ್ಯಾಟಿದೆ. ಹಣ ಅವರದ್ದು, ಕಾರ್ಡು ಇನ್ನೊಬ್ಬರದ್ದು. ಪೋಷಣೆ ಎಂದರೆ ಅನ್ನ, ಬಟ್ಟೆ, ವಾಸ, ಚಿಕಿತ್ಸೆ ಎಲ್ಲವೂ ಸೇರಿದೆ ಎಂಬ ವ್ಯಾಖ್ಯಾನವನ್ನು ಹಿಡಿದು ಎಳೆಯಬಹುದು. ಎಳೆದರೂ ಕೊನೆಗೆ ಸಿಗುವುದು ತಿಂಗಳಿಗೆ ಗರಿಷ್ಠ 10,000 ರೂಪಾಯಿ ಕೊಡಿ ಎಂದು ಮಗನಿಗೆ ಆದೇಶ. ಮಗ ಈಗಾಗಲೇ ಅದಕ್ಕಿಂತ ಹೆಚ್ಚು ಕಳಿಸುತ್ತಿರಬಹುದು. ಆ ಮಿತಿಯನ್ನು ತೆಗೆದು ಪ್ರತಿ ಠಾಣೆಯಲ್ಲೂ ಹಿರಿಯರಿಗಾಗಿ ಒಬ್ಬ ನೋಡಲ್ ಅಧಿಕಾರಿಯನ್ನು ನೇಮಿಸಬೇಕೆಂದ 2019ರ ತಿದ್ದುಪಡಿ ಮಸೂದೆ ಕಾಯ್ದೆಯಾಗಲಿಲ್ಲ.

24ನೇ ಕಲಂ? ಹಿರಿಯರನ್ನು ಪೂರ್ತಿಯಾಗಿ ತೊರೆಯುವ ಉದ್ದೇಶದಿಂದ ಎಲ್ಲಾದರೂ ಬಿಟ್ಟುಹೋದರೆ ಮೂರು ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಭಾನುವಾರ ತಪ್ಪದೆ ಫೋನು ಮಾಡುವ ಮಗನಿಗೆ ಪೂರ್ತಿ ತೊರೆಯುವ ಉದ್ದೇಶವನ್ನು ಯಾವ ದಂಡಾಧಿಕಾರಿಯೂ ಅಂಟಿಸಲಾರರು. ಅಂಟಿಸುವುದು ನ್ಯಾಯವೂ ಅಲ್ಲ.

ಉಳಿದದ್ದು 5ನೇ ಕಲಮಿನ (ಬಿ) ಮತ್ತು (ಸಿ). (ಬಿ) ಖಂಡದ ‘ಅಸಮರ್ಥ’ ಎಂಬ ಪದವನ್ನು ಉದಾರವಾಗಿ ಓದಿ, ಮರೆವಿನವರ ಪರವಾಗಿ ಯಾವುದೇ ನೋಂದಾಯಿತ ಸಂಸ್ಥೆ ಅರ್ಜಿ ಹಾಕಬಹುದು ಎನ್ನುವವರಿದ್ದಾರೆ. ಕಲ್ಯಾಣ ಕಾಯ್ದೆಯನ್ನು ಫಲಾನುಭವಿಯ ಪರವಾಗಿ ಓದಬೇಕೆಂಬ ತತ್ತ್ವ ಅವರ ಬೆನ್ನಿಗಿದೆ. ನನಗೂ ಹಾಗೆ ಓದುವ ಆಸೆಯಿದೆ. ಆದರೆ ಅದೇ ಕಾಯ್ದೆಯ 23ನೇ ಕಲಮಿನ ಮೂರನೇ ಉಪಕಲಂ ಅಡ್ಡ ನಿಲ್ಲುತ್ತದೆ. ಆಸ್ತಿ ವರ್ಗಾವಣೆಯ ಹಕ್ಕನ್ನು ಜಾರಿಮಾಡಿಸಿಕೊಳ್ಳಲು ಹಿರಿಯರು ಅಸಮರ್ಥರಾಗಿದ್ದರೆ, 5ನೇ ಕಲಮಿನ ವಿವರಣೆಯಲ್ಲಿ ಹೇಳಿದ ಸಂಸ್ಥೆ ಅವರ ಪರವಾಗಿ ಕ್ರಮ ಕೈಗೊಳ್ಳಬಹುದು ಎಂದು ಅಲ್ಲಿದೆ. ಅವರಿಂದ ಅಧಿಕಾರ ಪಡೆದಿರಬೇಕು ಎಂಬ ಮಾತು ಅಲ್ಲಿಲ್ಲ. ಅಂದರೆ ಅಧಿಕಾರಪತ್ರವಿಲ್ಲದೆ ಸಂಸ್ಥೆಯನ್ನು ಒಳಗೆ ಬಿಡುವುದು ಹೇಗೆಂದು ಶಾಸನ ಬರೆದವರಿಗೆ ಗೊತ್ತಿತ್ತು. ಆಸ್ತಿಯ ವಿಷಯದಲ್ಲಿ ಬಿಟ್ಟರು, ಅನ್ನದ ವಿಷಯದಲ್ಲಿ ಬಿಡಲಿಲ್ಲ. ಒಂದೇ ಕಾಯ್ದೆಯೊಳಗಿನ ಈ ವ್ಯತ್ಯಾಸವನ್ನು ಕೈತಪ್ಪು ಎನ್ನಲು ಧೈರ್ಯ ಬೇಕು. ಹಾಗಾಗಿ (ಬಿ) ಖಂಡದ ಅಸಾಮರ್ಥ್ಯ ಮೈಯದ್ದು, ಮನಸ್ಸಿನದ್ದಲ್ಲ ಎಂದೇ ನಾನು ಓದುತ್ತೇನೆ: ಹಾಸಿಗೆ ಹಿಡಿದವರು, ಕಚೇರಿಗೆ ನಡೆದು ಬರಲಾಗದವರು, ಹೆಬ್ಬೆಟ್ಟಾದರೂ ಒತ್ತಬಲ್ಲವರು.

(ಸಿ) ಖಂಡದ ಸ್ವಯಂಪ್ರೇರಿತ ಅಧಿಕಾರ ದೊಡ್ಡದು, ಆದರೆ ಕುರುಡು. ನ್ಯಾಯಮಂಡಳಿಯಾಗಿ ಕೂರುವ ಉಪವಿಭಾಗದ ಸಹಾಯಕ ಆಯುಕ್ತರಿಗೆ ಎರಡನೆಯ ಮಾಳಿಗೆಯ ಗ್ರಿಲ್ಲು ಕಾಣುವುದು ಹೇಗೆ? ಕಾಣಿಸಬೇಕಾದವರು ಯಾರೆಂದು ಕಾಯ್ದೆ ಹೇಳುವುದಿಲ್ಲ. ಕೇಂದ್ರ ಸರ್ಕಾರದ ಮಾದರಿ ನಿಯಮಗಳು ಸ್ವಲ್ಪ ಹೇಳುತ್ತವೆ. ಪ್ರತಿ ಠಾಣೆ ತನ್ನ ವ್ಯಾಪ್ತಿಯ ಹಿರಿಯರ, ವಿಶೇಷವಾಗಿ ಒಂಟಿಯಾಗಿರುವವರ, ಪಟ್ಟಿ ಇಟ್ಟುಕೊಳ್ಳಬೇಕು. ಪೊಲೀಸ್ ಪ್ರತಿನಿಧಿಯೊಬ್ಬರು, ಸಾಧ್ಯವಾದಷ್ಟೂ ಸಮಾಜ ಕಾರ್ಯಕರ್ತರ ಅಥವಾ ಸ್ವಯಂಸೇವಕರ ಜತೆ, ತಿಂಗಳಿಗೊಮ್ಮೆಯಾದರೂ ಭೇಟಿ ಕೊಡಬೇಕು. ಪೊಲೀಸರ ಜತೆ ಕಾರ್ಯಕರ್ತರೋ ಸ್ವಯಂಸೇವಕರೋ ಒಂದೇ ಬಾಗಿಲಿಗೆ ಬರಬೇಕೆಂಬ ಈ ಕಲ್ಪನೆ ಒಳ್ಳೆಯದು. ಆದರೆ ಪಟ್ಟಿ ಕೇಳುವುದು ಒಂಟಿಯಾಗಿರುವವರನ್ನು. ಅಮ್ಮ ಒಂಟಿಯಲ್ಲ, ಹೋಂ ನರ್ಸ್ ಇದ್ದಾಳೆ.

ಇನ್ನೊಂದು ಬಾಗಿಲು

2017ರ ಮಾನಸಿಕ ಆರೋಗ್ಯ ಕಾಯ್ದೆ 2018ರ ಮೇ 29ರಂದು ಜಾರಿಗೆ ಬಂತು. ಅದರ 101ನೇ ಕಲಂ ಎರಡು ಕರ್ತವ್ಯಗಳನ್ನು ಹೇರುತ್ತದೆ. ತನ್ನ ಸರಹದ್ದಿನಲ್ಲಿ ಮಾನಸಿಕ ಕಾಯಿಲೆಯಿರುವ ವ್ಯಕ್ತಿಯೊಬ್ಬರಿಗೆ ಹಿಂಸೆ ಅಥವಾ ನಿರ್ಲಕ್ಷ್ಯ ನಡೆಯುತ್ತಿದೆಯೆಂದು ನಂಬಲು ಕಾರಣವಿದ್ದರೆ ಠಾಣಾಧಿಕಾರಿ ಕೂಡಲೇ ದಂಡಾಧಿಕಾರಿಗೆ ವರದಿ ಮಾಡಬೇಕು. ಅಂಥ ಕಾರಣವಿರುವ ಯಾವುದೇ ವ್ಯಕ್ತಿ ಠಾಣಾಧಿಕಾರಿಗೆ ತಿಳಿಸಬೇಕು. ಗಮನಿಸಬೇಕಾದದ್ದು ‘ತಿಳಿಸಬಹುದು’ ಎಂದಿಲ್ಲ, ‘ತಿಳಿಸತಕ್ಕದ್ದು’ ಎಂದಿದೆ. ನೊಂದವರ ಅರ್ಜಿ ಬೇಕಿಲ್ಲ, ಅಧಿಕಾರಪತ್ರ ಬೇಕಿಲ್ಲ, ಸಂಬಂಧ ಬೇಕಿಲ್ಲ. ಮೀನಿನ ಹೆಂಗಸಿಗೂ ಈ ಕರ್ತವ್ಯವಿದೆ.

ಎಲ್ಲವೂ ಒಂದು ಪ್ರಶ್ನೆಯ ಮೇಲೆ ನಿಂತಿದೆ: ಮುಪ್ಪಿನ ಮರೆವು, ವೈದ್ಯರು ಡಿಮೆನ್ಷಿಯಾ ಎನ್ನುವುದು, ಈ ಕಾಯ್ದೆಯ ಅರ್ಥದಲ್ಲಿ ಮಾನಸಿಕ ಕಾಯಿಲೆಯೇ?

ಆಲೋಚನೆ, ಮನೋಭಾವ, ಗ್ರಹಿಕೆ, ದಿಕ್ಕುದೆಸೆಯ ಅರಿವು ಅಥವಾ ನೆನಪು, ಇವುಗಳ ಗಣನೀಯ ಏರುಪೇರಿನಿಂದ ವಿವೇಚನೆಗೋ, ದಿನನಿತ್ಯದ ಅಗತ್ಯಗಳನ್ನು ಪೂರೈಸಿಕೊಳ್ಳುವ ಶಕ್ತಿಗೋ ತೀವ್ರ ಹಾನಿಯಾಗಿದ್ದರೆ ಅದು ಮಾನಸಿಕ ಕಾಯಿಲೆ ಎಂದು ಕಾಯ್ದೆಯ ವ್ಯಾಖ್ಯಾನ. ನೆನಪು ಎಂಬ ಪದ ಅಲ್ಲೇ ಇದೆ. 3ನೇ ಕಲಮಿನ ಪ್ರಕಾರ ಕಾಯಿಲೆಯನ್ನು ನಿರ್ಧರಿಸಬೇಕಾದದ್ದು ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಇತ್ತೀಚಿನ ಆವೃತ್ತಿಯೂ ಸೇರಿದಂತೆ ಅಂಗೀಕೃತ ಮಾನದಂಡಗಳಿಂದ. 2022ರಲ್ಲಿ ಜಾರಿಗೆ ಬಂದ ಹನ್ನೊಂದನೇ ಆವೃತ್ತಿಯಲ್ಲಿ ಅಲ್ಜೈಮರ್ ಕಾಯಿಲೆ ನರರೋಗಗಳ ಅಧ್ಯಾಯದಲ್ಲಿದೆ. ಅದರಿಂದ ಬರುವ ಡಿಮೆನ್ಷಿಯಾ ಮಾತ್ರ ಆರನೇ ಅಧ್ಯಾಯವಾದ ಮಾನಸಿಕ ಹಾಗೂ ವರ್ತನೆಯ ಏರುಪೇರುಗಳಲ್ಲೇ ಉಳಿದಿದೆ. ಹೋಂ ನರ್ಸ್ ಈ ಕಾಯ್ದೆಗೆ ಹೊರಗಿನವಳೇ? ಅಲ್ಲ. ಜತೆಯಲ್ಲಿದ್ದು ನೋಡಿಕೊಳ್ಳುವ ಜವಾಬ್ದಾರಿ ಹೊತ್ತವರು, ಸಂಬಳಕ್ಕಾಗಲಿ ಸಂಬಳವಿಲ್ಲದೆಯಾಗಲಿ, ‘ಆರೈಕೆದಾರರು’ ಎಂಬುದು ಅದರ ವ್ಯಾಖ್ಯಾನ. 2007ರ ಕಾಯ್ದೆ ಮಕ್ಕಳನ್ನೂ ವಾರಸುದಾರರನ್ನೂ ಮಾತ್ರ ಹುಡುಕಿತು. ಈ ಕಾಯ್ದೆಯ ಕಣ್ಣಿಗೆ ಮನೆಯೊಳಗೆ ಕೀಲಿಕೈ ಹಿಡಿದವರೂ ಬೀಳುತ್ತಾರೆ. (ದಂಡಸಂಹಿತೆಯಲ್ಲೂ ಇದರ ಹಳೆಯ ಛಾಯೆಯಿದೆ. ಅಸಹಾಯಕರನ್ನು ನೋಡಿಕೊಳ್ಳಲು ಕರಾರು ಮಾಡಿಕೊಂಡು ಬೇಕೆಂದೇ ನೋಡಿಕೊಳ್ಳದವರಿಗೆ ಶಿಕ್ಷೆ ವಿಧಿಸುತ್ತಿದ್ದ 491ನೇ ಕಲಂ ಈಗ ಭಾರತೀಯ ನ್ಯಾಯ ಸಂಹಿತೆಯ 357ನೇ ಕಲಂ. ಏಜೆನ್ಸಿಗಳು ಇದನ್ನು ತಮ್ಮ ಕರಾರಿನ ನಮೂನೆಯ ಮೇಲೆ ಅಚ್ಚು ಹಾಕಿಸಿದರೆ ಕೆಟ್ಟದ್ದೇನೂ ಆಗಲಾರದು.)

ಹಾಗಾದರೆ ನನ್ನ ಪ್ರತಿಪಾದನೆ ಇದು: ತೀವ್ರ ಮರೆವಿನ ಹಿರಿಯರ ನಿರ್ಲಕ್ಷ್ಯವನ್ನು ವರದಿ ಮಾಡುವುದು ಭಾರತದಲ್ಲಿ 2018ರಿಂದ ಪ್ರತಿಯೊಬ್ಬರ ಕಾನೂನುಬದ್ಧ ಕರ್ತವ್ಯ.

ಈ ಮಾತಿಗೆ ನಾನೇ ಹಾಕಿಕೊಳ್ಳಬೇಕಾದ ಬೇಲಿಗಳಿವೆ. ಒಂದು, ವ್ಯಾಖ್ಯಾನ ಕೇಳುವುದು ಗಣನೀಯ ಏರುಪೇರನ್ನು. ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವವರು ಇದರೊಳಗೆ ಬರುವುದಿಲ್ಲ, ಬರಬಾರದು. ಎರಡು, ಹುಚ್ಚಿನ ಹಣೆಪಟ್ಟಿ ಅಂಟುತ್ತದೆಂಬ ಭಯ ನಿಜವಾದದ್ದು. ಮಾನಸಿಕ ಕಾಯಿಲೆಯೆಂದು ಗುರುತಿಸಿದ ಮಾತ್ರಕ್ಕೆ ವ್ಯಕ್ತಿ ಅಸ್ವಸ್ಥಚಿತ್ತರೆಂದು ಅರ್ಥವಲ್ಲ, ಅದನ್ನು ಕೋರ್ಟೇ ಘೋಷಿಸಬೇಕು ಎಂದು 3ನೇ ಕಲಂ ಹೇಳುತ್ತದೆ. ಆದರೆ ಕೇರಿ ಕಾಯ್ದೆ ಓದುವುದಿಲ್ಲ. ಮೂರು, ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ: ವರದಿ ದಂಡಾಧಿಕಾರಿಗೆ ಹೋದ ಮೇಲೆ 102ನೇ ಕಲಮಿನ ದಾರಿ ಸಾಗುವುದು ಮಾನಸಿಕ ಆರೋಗ್ಯ ಸಂಸ್ಥೆಯ ಕಡೆಗೆ, ಪರಿಶೀಲನೆಗಾಗಿ ಹತ್ತು ದಿನಗಳವರೆಗಿನ ದಾಖಲಾತಿಗೆ. ತನ್ನ ಮಂಚ, ತನ್ನ ಕಿಟಕಿ ಬಿಟ್ಟು ಬೇರೆ ಯಾವುದೂ ಗುರುತು ಸಿಗದ 82ರ ಹೆಂಗಸನ್ನು ಅಪರಿಚಿತ ವಾರ್ಡಿಗೆ ಸಾಗಿಸುವುದು ರಕ್ಷಣೆಯೇ? ಅಲ್ಲ ಎಂದೇ ನನ್ನ ಉತ್ತರ. 101ನೇ ಕಲಂ ಬಾಗಿಲು ತಟ್ಟಲು ಸರಿ, ಒಳಗೆ ಹೋದ ಮೇಲೆ ಮಾಡುವ ಕೆಲಸಕ್ಕೆ ಸರಿಯಲ್ಲ.

ಒಳಗಿನ ಕೆಲಸಕ್ಕೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಿದೆ. ಅದರ 7ನೇ ಕಲಮಿನಡಿ ವಿಕಲಚೇತನರ ಮೇಲೆ ದೌರ್ಜನ್ಯ, ಹಿಂಸೆ ಅಥವಾ ಶೋಷಣೆ ನಡೆದಿದೆ, ನಡೆಯುತ್ತಿದೆ ಅಥವಾ ನಡೆಯುವಂತಿದೆ ಎಂದು ನಂಬಲು ಕಾರಣವಿರುವ ಯಾರೇ ಆಗಲಿ, ಯಾವುದೇ ನೋಂದಾಯಿತ ಸಂಸ್ಥೆಯೇ ಆಗಲಿ, ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಮಾಹಿತಿ ಕೊಡಬಹುದು. ಅವರು ಕೂಡಲೇ ಅದನ್ನು ತಡೆಯುವ ಕ್ರಮ ಕೈಗೊಳ್ಳಬೇಕು: ಪೊಲೀಸರಿಗೋ ಸಂಸ್ಥೆಗೋ ಬಿಡಿಸಿ ತರಲು ಹೇಳಬಹುದು, ವ್ಯಕ್ತಿ ಬಯಸಿದರೆ ರಕ್ಷಣೆಯಲ್ಲಿ ಇರಿಸಬಹುದು, ಪೋಷಣೆಗೆ ಏರ್ಪಾಡು ಮಾಡಬಹುದು. ಶೇಕಡ 40ರ ಅಂಗವೈಕಲ್ಯದ ಪ್ರಮಾಣಪತ್ರ ಕೇಳುವುದು ಮೀಸಲಾತಿಯಂಥ ಸೌಲಭ್ಯಗಳಿಗೆ. ಈ ಕಲಮಿಗೆ ದೀರ್ಘಕಾಲದ ದೈಹಿಕ, ಮಾನಸಿಕ, ಬೌದ್ಧಿಕ ಅಥವಾ ಇಂದ್ರಿಯದ ಕೊರತೆಯಿದ್ದರೆ ಸಾಕು. ಪಾರ್ಶ್ವವಾಯು ಬಡಿದು ಬುದ್ಧಿ ಚುರುಕಾಗಿಯೇ ಇರುವವರೂ ಹೀಗಾಗಿ ಒಳಗೆ ಬರುತ್ತಾರೆ.

ಇಲ್ಲಿಯೂ ಒಂದು ಬಿರುಕಿದೆ. ಈ ಕಲಮಿನಲ್ಲಿ ನಿರ್ಲಕ್ಷ್ಯ ಎಂಬ ಪದವಿಲ್ಲ. ಎಟಿಎಂ ಕಾರ್ಡಿನ ಬಳಕೆ ಶೋಷಣೆಯಾದೀತು, ಸಂಜೆಯವರೆಗಿನ ಬೀಗ ದೌರ್ಜನ್ಯವಾದೀತು. ಹೊತ್ತಿಗೆ ಸರಿಯಾಗಿ ಉಣಿಸದಿರುವುದು? ಅದೇ ಕಾಯ್ದೆಯ 92ನೇ ಕಲಂ ನೆರವಿಗೆ ಬರುತ್ತದೆ. ವಿಕಲಚೇತನರ ಹೊಣೆ ಹೊತ್ತವರು ತಿಳಿದೂ ಅನ್ನನೀರು ನಿರಾಕರಿಸಿದರೆ ಆರು ತಿಂಗಳಿಂದ ಐದು ವರ್ಷಗಳವರೆಗೆ ಸಜೆ. ಅನ್ನ ಕೊಡದಿರುವುದನ್ನು ಇಷ್ಟು ಗಂಭೀರ ಅಪರಾಧವೆಂದ ಕಾಯ್ದೆ, ತಡೆಯುವ ಹಂತದಲ್ಲಿ ಅದನ್ನು ದೌರ್ಜನ್ಯವಲ್ಲವೆಂದು ಭಾವಿಸಿತ್ತು ಎನ್ನುವುದು ಅಸಂಗತ. ಹಾಗೆಂದು ‘ತಿಳಿದೂ’ ಎಂಬ ಪದವನ್ನು ಮರೆಯಬಾರದು; ಮೂವರು ಮಾಡಬೇಕಾದ ಕೆಲಸವನ್ನು ರಜೆಯಿಲ್ಲದೆ ಒಬ್ಬಳೇ ಮಾಡುವ ಹೆಂಗಸಿನ ಬಳಲಿಕೆ ಅಪರಾಧವಲ್ಲ. ಜೈಲು ಕೊಡಿಯಾಲ್‌ಬೈಲಿನಲ್ಲೇ ಇದೆ ಎಂಬುದು ಅವಳನ್ನು ಅಲ್ಲಿಗೆ ಕಳಿಸಲು ಕಾರಣವಾಗಬಾರದು.

ಒಂದೇ ಮೇಜು

ಇಂಗ್ಲೆಂಡಿನ 2014ರ ಕೇರ್ ಕಾಯ್ದೆಯ 42ನೇ ಕಲಂ ಇದನ್ನೆಲ್ಲ ಒಂದೇ ವಾಕ್ಯದಲ್ಲಿ ಮುಗಿಸಿದೆ. ಆರೈಕೆಯ ಅಗತ್ಯವಿರುವ ವಯಸ್ಕರೊಬ್ಬರು ಆ ಅಗತ್ಯದ ದೆಸೆಯಿಂದಲೇ ತಮ್ಮನ್ನು ಕಾಪಾಡಿಕೊಳ್ಳಲಾಗದೆ ದೌರ್ಜನ್ಯಕ್ಕೋ ನಿರ್ಲಕ್ಷ್ಯಕ್ಕೋ ಸಿಕ್ಕಿರುವ ಸಂಶಯ ಬಂದರೆ ಸ್ಥಳೀಯ ಆಡಳಿತ ವಿಚಾರಿಸಲೇಬೇಕು. 43ನೇ ಕಲಂ ಸ್ಥಳೀಯ ಆಡಳಿತ, ಆರೋಗ್ಯ ಸೇವೆ, ಪೊಲೀಸ್ ಮೂವರನ್ನೂ ಒಂದು ಮಂಡಳಿಯಾಗಿ ಕೂರಿಸುತ್ತದೆ. ನಮ್ಮಲ್ಲಿಯೂ ಅಂಥದ್ದೊಂದು ತರಬೇಕೆಂದು ಹೇಳಿ ಲೇಖನ ಮುಗಿಸುವುದು ಸುಲಭ. ಆದರೆ ಹೊಸ ಮಂಡಳಿಗಿಂತ ಮೊದಲು ಇರುವ ಮೇಜುಗಳನ್ನು ನೋಡಬೇಕು.

2007ರ ಕಾಯ್ದೆಯ ನ್ಯಾಯಮಂಡಳಿಯ ಕುರ್ಚಿಯಲ್ಲಿ ಕೂರುವವರು ಸಹಾಯಕ ಆಯುಕ್ತರು. ಅವರೇ ಉಪವಿಭಾಗದ ದಂಡಾಧಿಕಾರಿ, ಅಂದರೆ 2016ರ ಕಾಯ್ದೆ ಹೇಳುವ ಕಾರ್ಯನಿರ್ವಾಹಕ ದಂಡಾಧಿಕಾರಿ. ಒಂದು ಕಾಯ್ದೆಯಡಿ ‘ಅರ್ಜಿಯಿಲ್ಲ’ ಎಂದು ಕೈಬಿಟ್ಟ ವಿಷಯವನ್ನು ಅದೇ ಮೇಜಿನ ಮೇಲೆ ಇನ್ನೊಂದು ಕಾಯ್ದೆಯಡಿ ‘ಮಾಹಿತಿ’ ಎಂದು ತೆಗೆದುಕೊಳ್ಳಬಹುದು. ಕರ್ನಾಟಕದಲ್ಲಿ ಇನ್ನೊಂದು ಅನುಕೂಲವಿದೆ: ವಿಕಲಚೇತನರೂ ಹಿರಿಯ ನಾಗರಿಕರೂ ಒಂದೇ ಇಲಾಖೆಗೆ ಸೇರಿದ್ದಾರೆ. ಆಡಳಿತದ ಅನುಕೂಲಕ್ಕಾಗಿ ಮಾಡಿದ ಈ ಜೋಡಣೆ, ನಾನು ಹೇಳುತ್ತಿರುವ ಓದಿಗೆ ತಾನಾಗಿಯೇ ಒದಗಿದ ಸೇತುವೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ಸ್ಥಳೀಯ ಮಟ್ಟದ ಸಮಿತಿಯಲ್ಲಿ ಜಿಲ್ಲಾಧಿಕಾರಿ, ಸ್ವಯಂಸೇವಾ ಸಂಸ್ಥೆಯ ಪ್ರತಿನಿಧಿ ಮತ್ತು ವಿಕಲಚೇತನರೊಬ್ಬರು ಒಟ್ಟಿಗೆ ಕೂರುವ ಮೇಲ್ಪಂಕ್ತಿಯೂ ನಮ್ಮಲ್ಲಿದೆ. ಅದರ ವ್ಯಾಪ್ತಿ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಮತ್ತು ಬಹುವಿಧ ವೈಕಲ್ಯಗಳಿಗೆ ಸೀಮಿತ.

ಮೇಜಿಗೆ ಸುದ್ದಿ ತಲುಪಿಸುವ ಕಾಲುಗಳೂ ಊರಿನಲ್ಲಿವೆ. ನವೆಂಬರ್ ತಿಂಗಳ ಜೀವಿತ ಪ್ರಮಾಣಪತ್ರದ ನೆಪದಲ್ಲಿ ಪಿಂಚಣಿದಾರರ ಮುಖವನ್ನು ಯಾರಾದರೂ ನೋಡುವ ಅವಕಾಶವಿದೆ. 70 ದಾಟಿದವರಿಗೆ ಮನೆಬಾಗಿಲಿನ ಸೇವೆ ಕೊಡಿ ಎಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಹಾಗೆ ಬಂದ ನೌಕರ ಹೆಬ್ಬೆಟ್ಟಿನ ಜತೆ ಮಣಿಕಟ್ಟನ್ನೂ ನೋಡಬಲ್ಲ. ಚರ್ಚಿನ ವಾರ್ಡುಗಳ ಮುಂದಾಳುಗಳಾದ ಗುರ್ಕಾರರು, 1960ರಿಂದ ಸಮಾಜಕಾರ್ಯ ಕಲಿಸುತ್ತಿರುವ ರೋಶನಿ ನಿಲಯದ ವಿದ್ಯಾರ್ಥಿಗಳು, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಅರೆಕಾನೂನು ಸ್ವಯಂಸೇವಕರು, 14567 ಸಂಖ್ಯೆಯ ಹಿರಿಯರ ಸಹಾಯವಾಣಿ, ಇವರಲ್ಲಿ ಯಾರಿಗೂ ಹೊಸ ಅಧಿಕಾರ ಬೇಕಿಲ್ಲ. ‘ಅಮ್ಮ ದೂರು ಕೊಡುತ್ತಾರೆಯೇ?’ ಎಂಬ ಪ್ರಶ್ನೆಯ ಜಾಗದಲ್ಲಿ ‘ನಂಬಲು ಕಾರಣವಿದೆಯೇ?’ ಎಂಬ ಪ್ರಶ್ನೆ ಬೇಕು.

ಜತೆಗೂಡಿ ಕೆಲಸ ಮಾಡದಿದ್ದರೆ ಏನಾಗುತ್ತದೆಂಬುದಕ್ಕೆ ಬೆಂಗಳೂರಿನ ಎಸ್. ವನಿತಾ ಪ್ರಕರಣ ಸಾಕ್ಷಿ. ಅತ್ತೆಮಾವ ಹಿರಿಯರ ಕಾಯ್ದೆ ಹಿಡಿದು ಸೊಸೆಯನ್ನು ಮನೆಯಿಂದ ತೆರವುಗೊಳಿಸುವ ಆದೇಶ ಪಡೆದರು. ಸೊಸೆಗೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಅದೇ ಮನೆಯಲ್ಲಿ ವಾಸದ ಹಕ್ಕಿನ ವಾದವಿತ್ತು. ಸಹಾಯಕ ಆಯುಕ್ತರಿಂದ ಹೈಕೋರ್ಟಿನವರೆಗೆ ಎಲ್ಲರೂ ಒಂದು ಕಾಯ್ದೆಯನ್ನೇ ನೋಡಿದರು. 2020ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟು ಆ ಆದೇಶಗಳನ್ನು ಬದಿಗಿಟ್ಟು, ಎರಡನ್ನೂ ಹೊಂದಿಸಿ ಓದಬೇಕು ಎಂದಿತು. ಒಂದು ಮನೆಯಲ್ಲಿ ದುರ್ಬಲರು ಒಬ್ಬರೇ ಇರುವುದಿಲ್ಲ.

ಬಾಕಿ ಉಳಿದದ್ದು

ಈ ಓದು ಇನ್ನೂ ಪರೀಕ್ಷೆಗೆ ನಿಲ್ಲಬೇಕು. ಮೂರು ಗಂಟುಗಳು ನನ್ನಿಂದ ಬಿಚ್ಚಿಲ್ಲ. ಮಂಗಳೂರು 2010ರಿಂದ ಪೊಲೀಸ್ ಆಯುಕ್ತಾಲಯ; ಕಾರ್ಯನಿರ್ವಾಹಕ ದಂಡಾಧಿಕಾರಿಯ ಕೆಲವು ಅಧಿಕಾರಗಳು ಆಯುಕ್ತರ ಕೈಯಲ್ಲಿವೆ. ಹಾಗಿರುವಾಗ 7ನೇ ಕಲಮಿನ ಮಾಹಿತಿ ಹೋಗಬೇಕಾದದ್ದು ಸಹಾಯಕ ಆಯುಕ್ತರ ಮೇಜಿಗೋ ಪೊಲೀಸ್ ಆಯುಕ್ತರ ಮೇಜಿಗೋ ಎಂಬುದು ಬರೆದು ತೀರ್ಮಾನವಾಗಬೇಕು. ಆಸ್ತಿಯ ಮೇಲೆ ಕಣ್ಣಿಟ್ಟ ಸಂಬಂಧಿಕರು ಒಬ್ಬರ ಮೇಲೊಬ್ಬರು ‘ಮಾಹಿತಿ’ ಕೊಡಲು ತೊಡಗಿದರೆ ತಡೆಯುವುದು ಹೇಗೆ? ರಕ್ಷಣೆಯ ಆದೇಶದಲ್ಲಿ ಆಸ್ತಿಯ ಪ್ರಸ್ತಾಪವೇ ಇರಬಾರದು ಎಂಬುದು ನನ್ನ ಒಲವು; ಆದರೆ ಎಟಿಎಂ ಕಾರ್ಡೂ ಆಸ್ತಿಯೇ. ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು: ಬುದ್ಧಿ ಸ್ಪಷ್ಟವಾಗಿಯೇ ಇದ್ದು, ಬೇರೆ ವೈಕಲ್ಯವೂ ಇಲ್ಲದೆ, ‘ನನ್ನ ಮಗನ ಮೇಲೆ ಯಾರೂ ದೂರು ಕೊಡಬೇಡಿ’ ಎನ್ನುವವರು. ಅವರ ಬಾಗಿಲನ್ನು ಈ ಮೂರೂ ಕಾಯ್ದೆಗಳು ತೆರೆಯುವುದಿಲ್ಲ. ತೆರೆಯಬಾರದು ಎಂದೇ ಸದ್ಯಕ್ಕೆ ನನಗನಿಸುತ್ತದೆ.

ಮೊದಲ ಗಂಟಿಗೆ ಹೊಸ ಶಾಸನ ಬೇಕಿಲ್ಲ. ಮಾಹಿತಿಯನ್ನು ಯಾರು ಪಡೆಯಬೇಕು, ಪಡೆದ ದಿನವೇ ಯಾರಿಗೆ ತಿಳಿಸಬೇಕು ಎಂದು ಹೇಳುವ ಒಂದು ಪುಟದ ಸುತ್ತೋಲೆ ಸಾಕು. ಅದನ್ನು ಹೊರಡಿಸಬೇಕಾದವರು ಜಿಲ್ಲಾಧಿಕಾರಿಗಳೂ ಪೊಲೀಸ್ ಆಯುಕ್ತರೂ, ಇಬ್ಬರೂ ಒಂದೇ ಕಾಗದದ ಮೇಲೆ ಸಹಿ ಹಾಕಿ.